ಕೊನೆಯ ಮಾತು ಯಾರದು?

2019ನೇ ಇಸವಿ ಕರ್ನಾಟಕದ ಪಾಲಿಗೆ ಹಿರಿಯ ಯತಿಯೊಬ್ಬರ ಅಗಲಿಕೆಯಿಂದ ಆರಂಭವಾಗಿ ಇನ್ನೊಬ್ಬರ ಅಗಲಿಕೆಯಲ್ಲಿ ಮುಗಿಯಿತು. ಜನವರಿ 21ರಂದು ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದರು. ಅವರಿಗೆ ಆಗ 111 ವರ್ಷ. ಡಿಸೆಂಬರ್ 29ರಂದು ಉಡುಪಿಯ ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿ ಕೃಷ್ಣೈಕ್ಯರಾದರು. ಅವರಿಗೆ 88. ಪರಂಪರೆ ಬೇರೆ, ತತ್ತ್ವ ಬೇರೆ, ಬದುಕಿದ ರೀತಿ ಬೇರೆ. ಆದರೆ ಇಬ್ಬರ ಕೊನೆಯ ದಿನಗಳಲ್ಲೂ ಒಂದು ಸಂಗತಿ ಸಮಾನವಾಗಿತ್ತು. ಇಬ್ಬರನ್ನೂ ಆಸ್ಪತ್ರೆಯಿಂದ ಹೊರತಂದು ಮಠಕ್ಕೆ ಕರೆದೊಯ್ಯಲಾಯಿತು. ಅದಕ್ಕೆ ಕೊಟ್ಟ ಕಾರಣವೂ ಒಂದೇ: ಅದು ಅವರ ಇಚ್ಛೆ.

ಸಿದ್ಧಗಂಗೆಯ ಹಿರಿಯ ಶ್ರೀಗಳಿಗೆ 2018ರ ಡಿಸೆಂಬರ್‌ನಲ್ಲಿ ಚೆನ್ನೈಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಮರಳಿದ ಮೇಲೆ ಅವರಿದ್ದುದು ಮಠದ ಸಮೀಪದ ಆಸ್ಪತ್ರೆಯಲ್ಲಿ. ಕೊನೆಗೆ ಹಳೆಯ ಮಠಕ್ಕೇ ಕರೆತಂದು, ವೈದ್ಯಕೀಯ ಸಲಕರಣೆಗಳನ್ನು ಅಲ್ಲಿಗೇ ಸಾಗಿಸಲಾಯಿತು. ತಾವು ತೀರಿಕೊಂಡರೆ ಮಠದ ಮಕ್ಕಳ ಊಟ ಮುಗಿಯುವ ತನಕ ಸುದ್ದಿ ಹೇಳಬಾರದೆಂದು ಅವರು ತಿಳಿಸಿದ್ದರೆಂದು ಆಗ ವರದಿಯಾಗಿತ್ತು. ಬೆಳಗ್ಗೆ ಹನ್ನೊಂದೂ ಮುಕ್ಕಾಲರ ಸುಮಾರಿಗೆ ಉಸಿರು ನಿಂತಿತು. ಲೋಕಕ್ಕೆ ಗೊತ್ತಾದದ್ದು ಮಧ್ಯಾಹ್ನದ ದಾಸೋಹದ ನಂತರ. ಪೇಜಾವರ ಶ್ರೀಗಳನ್ನಂತೂ ಮಣಿಪಾಲದ ಆಸ್ಪತ್ರೆಯಿಂದ ಕೃತಕ ಉಸಿರಾಟದ ಯಂತ್ರದ ಸಮೇತ ಉಡುಪಿಗೆ ಒಯ್ಯಲಾಯಿತು. ಅದೇ ಬೆಳಗ್ಗೆ ಅವರು ಕೊನೆಯುಸಿರೆಳೆದರು.

ಮಠಾಧೀಶರ ಮಾತು ನಡೆಸಿಕೊಡಲು ಶಿಷ್ಯವೃಂದವಿರುತ್ತದೆ, ವೈದ್ಯರು ಬಾಗಿಲಿಗೇ ಬರುತ್ತಾರೆ, ಸರ್ಕಾರವೂ ಕೈಜೋಡಿಸುತ್ತದೆ. ಸಾಮಾನ್ಯ ಮನೆಯ ಅಜ್ಜನ ಮಾತಿಗೆ? 'ನನ್ನನ್ನು ದೊಡ್ಡಾಸ್ಪತ್ರೆಗೆ ಹಾಕಬೇಡಿ, ಈ ಪಡಸಾಲೆಯಲ್ಲೇ ಇದ್ದುಬಿಡ್ತೀನಿ' ಎಂದರೆ 'ಸುಮ್ನಿರಪ್ಪಾ, ನಿನಗೆ ಗೊತ್ತಾಗಲ್ಲ' ಎಂಬ ಉತ್ತರ ಬರುವುದೇ ಹೆಚ್ಚು. ಆ ಉತ್ತರದಲ್ಲಿ ಪ್ರೀತಿಯಿಲ್ಲ ಎನ್ನುವಂತಿಲ್ಲ. ನಿಜ ಹೇಳಬೇಕೆಂದರೆ ತೊಡಕು ಹುಟ್ಟುವುದೇ ಪ್ರೀತಿಯಿಂದ. ನಾಳೆ ನೆಂಟರು 'ಇನ್ನೂ ಸ್ವಲ್ಪ ಪ್ರಯತ್ನ ಮಾಡಬಹುದಿತ್ತು' ಎಂದಾರು ಎಂಬ ಅಂಜಿಕೆ, ದೂರದ ಊರಿನಿಂದ ರಾತ್ರೋರಾತ್ರಿ ಬಂದ ಮಗನ ತಪ್ಪಿತಸ್ಥ ಭಾವ, ವೈದ್ಯರಿಗೆ ಕೋರ್ಟು-ಕಚೇರಿಯ ಹೆದರಿಕೆ - ಇವೆಲ್ಲ ಸೇರಿ ತೀವ್ರ ನಿಗಾ ಘಟಕದ ಬಾಗಿಲು ತೆರೆಸುತ್ತವೆ. ಒಳಗೆ ಮಲಗಿದವರ ಅಭಿಪ್ರಾಯವನ್ನು ಕೇಳಿದವರು ಮಾತ್ರ ಯಾರೂ ಇರುವುದಿಲ್ಲ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚು. ಆ ಸಂಖ್ಯೆ ಅಲ್ಲಿಂದೀಚೆಗೆ ಏರುತ್ತಲೇ ಇದೆ. ಮನೆಗಳು ಚಿಕ್ಕದಾಗಿವೆ, ಮಕ್ಕಳು ಒಂದಿಬ್ಬರು, ಅವರೂ ಬೇರೆ ಊರುಗಳಲ್ಲಿ. ಹೀಗಿರುವಾಗ ವಯಸ್ಸಾದವರ ಕೊನೆಗಾಲದ ಸ್ವಾತಂತ್ರ್ಯ ಎಂಬ ವಿಷಯ ಕೆಲವರ ತಾತ್ತ್ವಿಕ ಚರ್ಚೆಯಾಗಿ ಉಳಿದಿಲ್ಲ. ಅದು ಬಹುಪಾಲು ಮನೆಗಳ ಬಾಗಿಲಿಗೆ ಬಂದಿದೆ.

ಚಿಕ್ಕಬೆಟ್ಟದ ಕಲ್ಲುಗಳು

ಈ ಪ್ರಶ್ನೆ ಕನ್ನಡ ನಾಡಿಗೆ ಹೊಸದೇನಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟ ನಿಂತ ದೊಡ್ಡಬೆಟ್ಟಕ್ಕೆ ಎದುರಾಗಿ ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿ ಇದೆ. ಗೊಮ್ಮಟನನ್ನು ಕೆತ್ತುವುದಕ್ಕೆ ಶತಮಾನಗಳ ಮೊದಲೇ ಈ ಬೆಟ್ಟ ಸಾಯಲು ಬಂದವರ ಬೆಟ್ಟವಾಗಿತ್ತು. ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ ಮುನಿಗಳ, ಕಂತಿಯರ, ಗೃಹಸ್ಥರ ಹೆಸರುಗಳನ್ನು ಅಲ್ಲಿನ ಬಂಡೆಗಳ ಮೇಲೆ ಬರೆಯಲಾಗಿದೆ. 'ಸನ್ಯಸನ', 'ಸಮಾಧಿ', 'ಮುಡಿಪಿದರ್' ಎಂಬ ಮಾತುಗಳು ಈ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಮೌರ್ಯ ಚಂದ್ರಗುಪ್ತ ತನ್ನ ಗುರು ಭದ್ರಬಾಹುವಿನೊಡನೆ ಇಲ್ಲಿಗೆ ಬಂದು ದೇಹ ಬಿಟ್ಟನೆಂಬುದು ಜೈನ ಪರಂಪರೆಯ ನಂಬಿಕೆ. ರಾಷ್ಟ್ರಕೂಟರ ಕೊನೆಯ ಕೊಂಡಿಯಾದ ನಾಲ್ವಡಿ ಇಂದ್ರ 982ರಲ್ಲಿ ಇಲ್ಲಿಯೇ ಸಲ್ಲೇಖನ ಕೈಗೊಂಡ. ಗಂಗರ ಇಮ್ಮಡಿ ಮಾರಸಿಂಹ ರಾಜ್ಯ ಬಿಟ್ಟು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಮೂರು ದಿನ ವ್ರತವಿದ್ದು ಕಾಲವಾದ. ಇತಿಹಾಸಕಾರ ಷ. ಶೆಟ್ಟರ್ ಈ ಬೆಟ್ಟದ ಸಾವುಗಳನ್ನೇ ವಿಷಯವಾಗಿಟ್ಟುಕೊಂಡು 'ಇನ್‌ವೈಟಿಂಗ್ ಡೆತ್' ಎಂಬ ಇಂಗ್ಲಿಷ್ ಗ್ರಂಥ ಬರೆದರು.

ಹೊಯ್ಸಳ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆಯ ಸಂಗತಿ ಇಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು. ಆಕೆಯ ಗಂಡ ಮಾರಸಿಂಗಯ್ಯ ನಿಷ್ಠಾವಂತ ಶೈವ. ಆಕೆ ಜೈನಳು. ಮಗಳು ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಗುರುಗಳ ಸಮ್ಮುಖದಲ್ಲಿ ವ್ರತ ಹಿಡಿದು, ಒಂದು ತಿಂಗಳ ಉಪವಾಸದ ಬಳಿಕ ದೇಹ ಬಿಟ್ಟಳೆಂದು ಶಾಸನ ಹೇಳುತ್ತದೆ. ಒಂದೇ ಮನೆಯಲ್ಲಿ ಎರಡು ಮತ. ಕೊನೆಯ ದಾರಿಯನ್ನು ಆಕೆ ತನ್ನ ನಂಬಿಕೆಯಂತೆ ಆರಿಸಿಕೊಂಡಳು. ಹನ್ನೆರಡನೇ ಶತಮಾನದ ಆ ಹೆಣ್ಣಿನ ದುಃಖಕ್ಕೆ ಇದರಲ್ಲಿ ಎಷ್ಟು ಪಾಲು, ವೈರಾಗ್ಯಕ್ಕೆ ಎಷ್ಟು ಪಾಲು ಎಂದು ಇಂದು ಅಳೆಯಲು ಸಾಧ್ಯವಿಲ್ಲ. ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳು ಇಂದು ಊಟ ಬಿಟ್ಟರೆ ಮೊದಲು ಬೇಕಾಗುವುದು ಸಾಂತ್ವನ ಮತ್ತು ವೈದ್ಯರ ನೆರವು ಎಂಬುದರಲ್ಲಿ ಸಂಶಯವಿಲ್ಲ.

ಆದರೆ ಸಲ್ಲೇಖನದ ಕಟ್ಟುಪಾಡುಗಳನ್ನು ನೋಡಿದರೆ ಹಿಂದಿನವರು ಈ ವಿಷಯದಲ್ಲಿ ಎಷ್ಟು ಜಾಗರೂಕರಾಗಿದ್ದರೆಂಬುದು ತಿಳಿಯುತ್ತದೆ. ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ' ಈ ವ್ರತಕ್ಕೆ ಅವಕಾಶವಿರುವ ಸಂದರ್ಭಗಳನ್ನು ಹೇಳುತ್ತದೆ: ಪಾರಾಗಲಾಗದ ಉಪಸರ್ಗ, ಬರಗಾಲ, ಮುಪ್ಪು, ವಾಸಿಯಾಗದ ರೋಗ. ಅಷ್ಟೇ ಅಲ್ಲ, ಈ ವ್ರತಕ್ಕೆ ತಗಲಬಹುದಾದ ದೋಷಗಳನ್ನೂ ಪಟ್ಟಿ ಮಾಡುತ್ತದೆ. ಇನ್ನೂ ಬದುಕಬೇಕೆಂಬ ಆಸೆ ಒಂದು ದೋಷ. ಬೇಗ ಸಾಯಬೇಕೆಂಬ ಆಸೆಯೂ ದೋಷವೇ! ಬೇಸರದಿಂದ, ಸಿಟ್ಟಿನಿಂದ, ಸಾವನ್ನು ಬಯಸಿ ಬಂದವನಿಗೆ ಅಲ್ಲಿ ಜಾಗವಿಲ್ಲ. ಗುರುವಿನ ಅನುಮತಿ ಬೇಕು, ಬಂಧುಗಳ ಕ್ಷಮೆ ಬೇಡಬೇಕು, ಅವರನ್ನು ಕ್ಷಮಿಸಬೇಕು.

ಗುರು 'ಬೇಡ' ಎನ್ನಲೂಬಹುದು. ಇದಕ್ಕೆ ಸಮಂತಭದ್ರರ ಕಥೆಯೇ ಸಾಕ್ಷಿ. ಅವರಿಗೆ ಎಷ್ಟು ಉಂಡರೂ ಹಸಿವು ಇಂಗದ ಭಸ್ಮಕವೆಂಬ ರೋಗ ತಗಲಿತಂತೆ. ಮುನಿಧರ್ಮ ಪಾಲಿಸಲಾಗದೆ ಸಲ್ಲೇಖನಕ್ಕೆ ಅನುಮತಿ ಕೇಳಿದಾಗ ಗುರುಗಳು ಒಪ್ಪಲಿಲ್ಲ. ನಿನ್ನಿಂದ ಆಗಬೇಕಾದ ಕೆಲಸ ಇನ್ನೂ ಇದೆ, ಮೊದಲು ರೋಗ ವಾಸಿ ಮಾಡಿಕೋ ಎಂದರು. ಕಥೆ ಐತಿಹ್ಯವಿರಬಹುದು. ಅದನ್ನು ಕಟ್ಟಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು: ಸಾಯುತ್ತೇನೆ ಎಂಬ ಮಾತೆಲ್ಲ ಒಂದೇ ಬಗೆಯದಲ್ಲ. ವಾಸಿಯಾಗಬಲ್ಲ ನೋವಿನ ಕೂಗು ಬೇರೆ, ದಾರಿ ಮುಗಿದವನ ನಿರ್ಧಾರ ಬೇರೆ.

ಇಂದಿನ ನ್ಯಾಯಾಲಯಗಳಿಗೂ ಈ ವ್ರತ ಸುಲಭದ ವಿಷಯವಾಗಿಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆಗೆ ಸಮವೆಂದು ಕರೆದಾಗ ಜೈನ ಸಮುದಾಯ ದೇಶಾದ್ಯಂತ ಬೀದಿಗಿಳಿಯಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಜೈನರಲ್ಲದವರಲ್ಲೂ ಇಂಥ ಸಾವುಗಳುಂಟು. 1982ರ ನವೆಂಬರ್‌ನಲ್ಲಿ ವಿನೋಬಾ ಭಾವೆ ಹೃದಯಾಘಾತದ ಬಳಿಕ ಪವನಾರದ ತಮ್ಮ ಆಶ್ರಮದಲ್ಲಿ ಔಷಧಿಯನ್ನೂ ಅನ್ನ-ನೀರನ್ನೂ ನಿರಾಕರಿಸಿದರು. ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರೇ ಹೋಗಿ ನೋಡಿ ಬಂದರು. ವಿನೋಬಾ ಮನಸ್ಸು ಬದಲಿಸಲಿಲ್ಲ.

ಎಣ್ಣೆ ಸ್ನಾನದ ಭಯ

ಇಲ್ಲಿಗೆ ನಿಲ್ಲಿಸಿದರೆ ಚಿತ್ರ ಅರ್ಧವಾಗುತ್ತದೆ. ಹಿರಿಯರ ಇಚ್ಛೆ ಎಂಬ ಮಾತಿನ ಮರೆಯಲ್ಲಿ ಕಿರಿಯರ ಇಚ್ಛೆ ಅಡಗಿ ಕೂರುವುದುಂಟು. ತಮಿಳುನಾಡಿನ ದಕ್ಷಿಣ ಜಿಲ್ಲೆಗಳಲ್ಲಿ 'ತಲೈಕೂತ್ತಲ್' ಎಂಬ ಪದ್ಧತಿಯೊಂದಿದೆ. ಹಾಸಿಗೆ ಹಿಡಿದ ಮುದುಕರಿಗೆ ಮುಂಜಾನೆ ಮೈತುಂಬ ಎಣ್ಣೆ ಹಚ್ಚಿ ಎರೆದು, ತಂಪು ಪಾನೀಯ ಕುಡಿಸುವುದು; ದುರ್ಬಲ ದೇಹ ಅದನ್ನು ತಾಳಲಾರದು. 2010ರಲ್ಲಿ ವಿರುದುನಗರ ಜಿಲ್ಲೆಯ ವೃದ್ಧರೊಬ್ಬರು ತಮಗೂ ಅದೇ ಗತಿ ಕಾದಿದೆಯೆಂದು ತಿಳಿದು ಮನೆಬಿಟ್ಟು ಓಡಿದಾಗ ಇದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅಂಥ ಮನೆಗಳಲ್ಲೂ 'ಪಾಪ, ಎಷ್ಟು ದಿನ ನರಳಬೇಕು' ಎಂಬ ಮಾತೇ ಕೇಳಿಬರುತ್ತದೆ. ನರಳುತ್ತಿರುವವರು ಯಾರು, ನೋಡಿಕೊಳ್ಳುವವರೋ ಮಲಗಿದವರೋ ಎಂದು ಮಾತ್ರ ಕೇಳುವುದಿಲ್ಲ.

ಬಡತನ, ಸಾಲ, ಆಸ್ತಿ, ಹಗಲಿರುಳು ಮಲಮೂತ್ರ ಬಳಿದು ಸೋತ ಸೊಸೆಯ ಬೆನ್ನುನೋವು - ಇವನ್ನೆಲ್ಲ ಬದಿಗಿಟ್ಟು ಸ್ವಾತಂತ್ರ್ಯದ ಮಾತಾಡುವುದು ಸುಲಭ. 'ನಾನು ಯಾರಿಗೂ ಹೊರೆಯಾಗಬಾರದು' ಎಂದು ಹೇಳದ ಅಜ್ಜಿ ನಮ್ಮಲ್ಲಿ ಅಪರೂಪ. ಆ ಮಾತು ಸ್ವಾಭಿಮಾನದಿಂದ ಬಂದದ್ದೋ, ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದು ಕೇಳಿ ಬಂದದ್ದೋ? ಎರಡಕ್ಕೂ ಅಜಗಜಾಂತರ. ಕಾನೂನು ಈ ವಿಷಯದಲ್ಲಿ ಇಷ್ಟೊಂದು ಸಾಕ್ಷಿ, ಸಹಿ, ಮಂಡಳಿಗಳನ್ನು ಕೇಳುವುದಕ್ಕೆ ಇದೇ ಕಾರಣ.

ಹಳದೀಪುರದ ಹುಡುಗಿ

ಆ ಕಾನೂನಿನ ಕಥೆ ಶುರುವಾಗುವುದೂ ಕನ್ನಡ ನೆಲದಿಂದಲೇ. ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಹೋಗಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು ಅರುಣಾ ಶಾನಭಾಗ. 1973ರ ನವೆಂಬರ್ 27ರಂದು ಅಲ್ಲಿಯ ವಾರ್ಡ್ ಬಾಯ್ ನಡೆಸಿದ ದಾಳಿಯಲ್ಲಿ ಅವರ ಮಿದುಳಿಗೆ ಆಮ್ಲಜನಕ ತಪ್ಪಿತು. ಅಲ್ಲಿಂದ 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅವರು ಅದೇ ಆಸ್ಪತ್ರೆಯ ಹಾಸಿಗೆಯ ಮೇಲಿದ್ದರು. ಅವರಿಗೆ ಆಹಾರ ನಿಲ್ಲಿಸಿ ಶಾಂತವಾಗಿ ಸಾಯಲು ಬಿಡಬೇಕೆಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಕೂಡದು ಎಂದವರು ದಶಕಗಳಿಂದ ಆರೈಕೆ ಮಾಡಿದ ದಾದಿಯರು.

2011ರ ಮಾರ್ಚ್ 7ರಂದು ತೀರ್ಪು ಬಂತು. ಅರ್ಜಿ ತಿರಸ್ಕೃತವಾಯಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ಅವರನ್ನು ನಿತ್ಯ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೆ ಸೇರಿದ್ದೆಂದು ನ್ಯಾಯಾಲಯ ಹೇಳಿತು. ಆದರೆ ಅದೇ ತೀರ್ಪು ವಾಸಿಯಾಗದ ಸ್ಥಿತಿಯಲ್ಲಿ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಲು ಹೈಕೋರ್ಟಿನ ಅನುಮತಿಯೊಡನೆ ದಾರಿ ತೆರೆಯಿತು. ಇದನ್ನೇ ನಿಷ್ಕ್ರಿಯ ದಯಾಮರಣ ಎನ್ನುವುದು. ಚುಚ್ಚುಮದ್ದು ಕೊಟ್ಟು ಜೀವ ತೆಗೆಯುವ ಸಕ್ರಿಯ ದಯಾಮರಣಕ್ಕೆ ನಮ್ಮ ದೇಶದಲ್ಲಿ ಅಂದೂ ಅವಕಾಶವಿರಲಿಲ್ಲ, ಇಂದೂ ಇಲ್ಲ. ಈ ಎರಡನ್ನೂ ಬೆರೆಸಿ ಮಾತಾಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಅರುಣಾ ತಮ್ಮ ಇಚ್ಛೆ ಏನೆಂದು ಮೊದಲೇ ಹೇಳಿರಲಿಲ್ಲ. ಹೇಳುವ ವಯಸ್ಸೂ ಅದಾಗಿರಲಿಲ್ಲ. ಮುಂಚೆಯೇ ಹೇಳಿಟ್ಟವರ ಮಾತು ನಡೆಯಬೇಕೇ? ಇದಕ್ಕೆ ಉತ್ತರ ಸಿಕ್ಕಿದ್ದು 2018ರ ಮಾರ್ಚ್ 9ರಂದು. 'ಕಾಮನ್ ಕಾಸ್' ಸಂಸ್ಥೆ 2005ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಇದೆ ಎಂದು ಸಾರಿ, ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಮಾನ್ಯತೆ ಕೊಟ್ಟಿತು. 'ಲಿವಿಂಗ್ ವಿಲ್' ಎಂದು ಪತ್ರಿಕೆಗಳು ಕರೆಯುವುದು ಇದನ್ನೇ. ಆಸ್ತಿಯ ಉಯಿಲು ಸತ್ತ ಮೇಲೆ ಜಾರಿಗೆ ಬರುತ್ತದೆ. ಇದು ಬದುಕಿರುವಾಗಲೇ, ಆದರೆ ಬಾಯಿ ಕಟ್ಟಿದ ಮೇಲೆ ಮಾತಾಡುವ ಉಯಿಲು.

ಮೊದಲ ಐದು ವರ್ಷ ಅದು ಕಾಗದದ ಮೇಲಿನ ಹಕ್ಕಾಗಿಯೇ ಉಳಿಯಿತು. ಪ್ರತಿಯೊಬ್ಬರೂ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ಸಹಿ ಹಾಕಿಸಿಕೊಂಡು ಬರಬೇಕಿತ್ತು. ಎಂಬತ್ತರ ಮುದುಕರು ಕೋರ್ಟಿನ ಮೆಟ್ಟಿಲು ಹತ್ತುವುದೆಂದರೆ! ವೈದ್ಯ ಮಂಡಳಿಯಲ್ಲಿ 20 ವರ್ಷ ಅನುಭವದ ತಜ್ಞರೇ ಬೇಕೆಂಬ ನಿಯಮ ಬೇರೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಬರೆಯುವವರು ವಯಸ್ಕರಾಗಿರಬೇಕು, ಬುದ್ಧಿ ಸ್ವಸ್ಥವಾಗಿರಬೇಕು, ಯಾರ ಒತ್ತಡವೂ ಇರಬಾರದು. ತಮ್ಮ ಪರವಾಗಿ ಮಾತಾಡುವ ಬಂಧುಗಳ ಅಥವಾ ಪಾಲಕರ ಹೆಸರನ್ನು ಅದರಲ್ಲಿ ಬರೆಯಬೇಕು. ಒಬ್ಬರಿಗಿಂತ ಹೆಚ್ಚು ಹೆಸರಿದ್ದರೂ ಸರಿಯೇ. ಒಂದು ಪ್ರತಿ ಸ್ಥಳೀಯ ಸಂಸ್ಥೆಯ ನಿಯೋಜಿತ ಅಧಿಕಾರಿಯ ಬಳಿ ಇರಬೇಕು.

ಕಾಗದವಿದ್ದ ಮಾತ್ರಕ್ಕೆ ಯಾರೋ ಬಂದು ಯಂತ್ರದ ತಂತಿ ಕೀಳುವುದಿಲ್ಲ. ರೋಗಿ ವಾಸಿಯಾಗದ ಸ್ಥಿತಿ ತಲುಪಿ, ತಾನೇ ನಿರ್ಧರಿಸಲಾರದಂತಾದಾಗ ಮಾತ್ರ ಅದಕ್ಕೆ ಜೀವ ಬರುತ್ತದೆ. ಮೊದಲು ಚಿಕಿತ್ಸೆ ನೀಡುತ್ತಿರುವ ವೈದ್ಯರು ಹಾಗೂ ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರ ಪ್ರಾಥಮಿಕ ಮಂಡಳಿ ನೋಡಬೇಕು. ಅವರು ಒಪ್ಪಿದರೆ, ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರನ್ನು ಒಳಗೊಂಡ ಎರಡನೇ ಮಂಡಳಿ ಮತ್ತೆ ಪರಿಶೀಲಿಸಬೇಕು. ಒಂದೊಂದು ಮಂಡಳಿಗೂ ಹೆಚ್ಚುಕಡಿಮೆ 48 ಗಂಟೆಗಳ ಅವಧಿ. ಬಂಧುಗಳ ಒಪ್ಪಿಗೆ ಬೇಕು. ಜಾರಿಗೆ ತರುವ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿನ ಬಾಗಿಲಿದೆ. ಇದೇ ದಾರಿ ಏನನ್ನೂ ಬರೆದಿಡದ ರೋಗಿಗಳಿಗೂ ಉಂಟು. ಆಗ ಬಂಧುಗಳೇ ಅವರ ಪರವಾಗಿ ತೀರ್ಮಾನಿಸಬೇಕಾಗುತ್ತದೆ.

2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಈ ವ್ಯವಸ್ಥೆಯನ್ನು ರಾಜ್ಯದ ಆಸ್ಪತ್ರೆಗಳಲ್ಲಿ ಜಾರಿಗೆ ತರಲು ಆದೇಶ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಎರಡು ದಶಕಗಳಿಂದ ಘನತೆಯ ಸಾವಿನ ಹಕ್ಕಿಗಾಗಿ ಪತ್ರ ಬರೆಯುತ್ತ ಹೋರಾಡಿದ್ದರು. ಆದೇಶ ಬಂದಾಗ ಅವರ ಹೆಸರು ಮತ್ತೆ ಕೇಳಿಬಂತು. ಗೋವಾದಲ್ಲಿ ಇದಕ್ಕೂ ಮೊದಲು, 2024ರ ಮೇ ತಿಂಗಳಲ್ಲಿ, ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಎಂ.ಎಸ್. ಸೋನಕ್ ತಾವೇ ಮುಂಗಡ ನಿರ್ದೇಶನ ಬರೆದು ನೋಂದಾಯಿಸಿದ್ದರು. ನ್ಯಾಯ ಹೇಳುವವರೇ ಮುಂದೆ ಬಂದದ್ದು ಒಳ್ಳೆಯ ಮಾದರಿ.

ಬೀಗದ ಕೈ ಮತ್ತು ಊರುಗೋಲು

ಕಾನೂನಿನ ಮಾತು ಇಷ್ಟಾಯಿತು. ಆದರೆ ಹಿರಿಯರ ಸ್ವಾತಂತ್ರ್ಯ ಕಳೆದುಹೋಗುವುದು ಆಸ್ಪತ್ರೆಯಲ್ಲಲ್ಲ, ಅದಕ್ಕೆ ಬಹಳ ಮೊದಲು ಮನೆಯಲ್ಲೇ, ಚೂರು ಚೂರಾಗಿ. ಮೊದಲು ಬೀರುವಿನ ಬೀಗದ ಕೈ ಹೋಗುತ್ತದೆ. ಆಮೇಲೆ ಬ್ಯಾಂಕಿನ ಪಾಸ್‌ಪುಸ್ತಕ. ಬಳಿಕ ಒಲೆಯ ಮುಂದೆ ನಿಲ್ಲುವ ಹಕ್ಕು, ಬೀದಿ ಕೊನೆಯ ಅಂಗಡಿಗೆ ಒಬ್ಬರೇ ಹೋಗುವ ಹಕ್ಕು, ಎಲೆಯಡಿಕೆ ಹಾಕಿಕೊಳ್ಳುವ ಹಕ್ಕು. ಎಲ್ಲವೂ ಅವರ ಒಳ್ಳೆಯದಕ್ಕೇ. 2023ರಲ್ಲಿ ರಾಜ್ಯದಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ಮನೆಯ ಯಜಮಾನಿ ಅತ್ತೆಯೋ ಸೊಸೆಯೋ ಎಂಬ ಜಗಳ ಊರೂರಲ್ಲಿ ಎದ್ದು ಎಲ್ಲರೂ ನಕ್ಕರು. ನಗು ಸರಿ. ಆದರೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಸ್ವಂತ ಕೈಯಲ್ಲಿರುವ ಮುದುಕಿಗೂ, ಮೊಮ್ಮಗನಿಗೆ ಬಿಸ್ಕತ್ತು ಕೊಡಿಸಲು ಮಗನ ಮುಂದೆ ಕೈಚಾಚುವ ಮುದುಕಿಗೂ ಇರುವ ವ್ಯತ್ಯಾಸ ಅನುಭವಿಸಿದವರಿಗೇ ಗೊತ್ತು.

ಆಸ್ತಿಯ ವಿಷಯದಲ್ಲಿ ಆತುರಪಟ್ಟು ದಾನಪತ್ರ ಬರೆದುಕೊಟ್ಟು ಆಮೇಲೆ ಅತಂತ್ರರಾದವರಿಗೆ 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಸೆಕ್ಷನ್ ಆಸರೆಯಾಗಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ರದ್ದುಪಡಿಸಬಹುದು. ಷರತ್ತನ್ನು ಪತ್ರದಲ್ಲೇ ಬರೆಸುವುದು ಕ್ಷೇಮ. ದೂರು, ಸಲಹೆಗಳಿಗೆ 14567 ಎಂಬ ಉಚಿತ ಹಿರಿಯರ ಸಹಾಯವಾಣಿಯೂ ಇದೆ.

ಬಿದ್ದಾರು ಎಂಬ ಭಯ ನಿಜವಾದದ್ದೇ. ಸೊಂಟದ ಮೂಳೆ ಮುರಿದ ಎಷ್ಟೋ ವೃದ್ಧರು ಮತ್ತೆ ಮೊದಲಿನಂತೆ ಓಡಾಡುವುದಿಲ್ಲ. ಹಾಗೆಂದು ಕುರ್ಚಿಯಲ್ಲೇ ಕೂರಿಸಿಟ್ಟರೆ ಕಾಲಿನ ಕಸುವು ಇನ್ನೂ ಬೇಗ ಇಳಿದು, ಬೀಳುವ ಸಂಭವ ಹೆಚ್ಚುತ್ತದೆ. ಬಚ್ಚಲಲ್ಲಿ ಹಿಡಿಕೆ, ಜಾರದ ನೆಲ, ರಾತ್ರಿ ಸಣ್ಣ ದೀಪ, ಅಳತೆಗೆ ಸರಿಯಾದ ಊರುಗೋಲು - ಇಷ್ಟು ಮಾಡಿ ನಡೆಯಲು ಬಿಡುವುದೇ ವೈದ್ಯರು ಕೊಡುವ ಸಲಹೆ. ಸ್ವಲ್ಪ ಅಪಾಯ ಉಳಿದೇ ಉಳಿಯುತ್ತದೆ. ಆ ಅಪಾಯ ತೆಗೆದುಕೊಳ್ಳಬೇಕೋ ಬೇಡವೋ ಎಂಬುದನ್ನು ನಡೆಯುವವರೇ ಹೇಳಬೇಕಲ್ಲವೇ?

ಇನ್ನೊಂದು ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ಮನೆಯವರು ವೈದ್ಯರನ್ನು ಪಕ್ಕಕ್ಕೆ ಕರೆದು 'ಅವರಿಗೆ ಹೇಳಬೇಡಿ ಡಾಕ್ಟ್ರೇ' ಎನ್ನುವುದು. ರೋಗಿಗೋ ಮೈಯೇ ಎಲ್ಲವನ್ನೂ ಹೇಳುತ್ತಿರುತ್ತದೆ. ಮನೆಯವರ ಮುಖ ನೋಡಿ ಅವರೂ ಗೊತ್ತಿಲ್ಲದಂತೆ ನಟಿಸುತ್ತಾರೆ. ಹೀಗೆ ಕೊನೆಯ ತಿಂಗಳುಗಳು ಪರಸ್ಪರ ಸುಳ್ಳಿನಲ್ಲೇ ಕಳೆದು, ಸಾಲ ತೀರಿಸುವುದು, ಮುನಿಸಿಕೊಂಡ ತಮ್ಮನನ್ನು ಕರೆಸುವುದು, ಹುಟ್ಟೂರ ದೇವರಿಗೆ ಹೋಗಿಬರುವುದು ಎಲ್ಲವೂ ಬಾಕಿ ಉಳಿಯುತ್ತವೆ. ಉಪಶಾಮಕ ಚಿಕಿತ್ಸೆಯಲ್ಲಿ ತರಬೇತಾದ ವೈದ್ಯರು ಇದಕ್ಕೆ ಒಂದು ಹದವಾದ ದಾರಿ ಹಿಡಿಯುತ್ತಾರೆ: ನಿಮ್ಮ ಕಾಯಿಲೆಯ ಬಗ್ಗೆ ನಿಮಗೆಷ್ಟು ತಿಳಿಯಬೇಕೆನಿಸುತ್ತದೆ ಎಂದು ಮೊದಲು ರೋಗಿಯನ್ನೇ ಕೇಳುವುದು. 'ಎಲ್ಲ ನನ್ನ ಮಗನಿಗೆ ಹೇಳಿ' ಎಂದರೆ ಅದೂ ಅವರ ಆಯ್ಕೆಯೇ.

ಈ ಬಗೆಯ ಆರೈಕೆಗೆ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ 1967ರಲ್ಲಿ ಅಡಿಪಾಯ ಹಾಕಿದರು. ಭಾರತದಲ್ಲಿ ಮೊದಲನೆಯದು 1986ರಲ್ಲಿ ಮುಂಬಯಿಯಲ್ಲಿ ಆರಂಭವಾದ ಶಾಂತಿ ಅವೇದನಾ ಸದನ. ಬೆಂಗಳೂರಿನ ಮಾರತ್‌ಹಳ್ಳಿ ಬಳಿಯ ಕರುಣಾಶ್ರಯ 1999ರಿಂದ ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ನೋವು ತಗ್ಗಿಸುವ ಮಾರ್ಫಿನ್ ಸಿಗುವುದು ಮಾದಕವಸ್ತು ಕಾಯ್ದೆಯ ಬಿಗಿಯಿಂದಾಗಿ ಬಹುಕಾಲ ಕಷ್ಟವಾಗಿತ್ತು. 2014ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ದಾರಿ ಸ್ವಲ್ಪ ಸುಗಮವಾಯಿತು. ಜಿಲ್ಲಾ ಕೇಂದ್ರಗಳಾಚೆಯ ಊರುಗಳಿಗೆ ಇದಿನ್ನೂ ತಲುಪಬೇಕಾಗಿದೆ. ನೋವು ತಡೆಯಲಾಗದೆ 'ಸಾಯಿಸಿಬಿಡಿ' ಎಂದವರು, ನೋವು ಇಳಿದ ಮೇಲೆ ಮೊಮ್ಮಗಳ ಮದುವೆಯ ದಿನ ಎಣಿಸತೊಡಗುವುದುಂಟು. ಸಮಂತಭದ್ರರ ಗುರು ಹೇಳಿದ್ದೂ ಇಂಥದ್ದನ್ನೇ.

ಮರೆವಿನ ಕಾಯಿಲೆ ಹಿಡಿದವರ ಪ್ರಶ್ನೆ ಎಲ್ಲಕ್ಕಿಂತ ಜಟಿಲ. ಮಕ್ಕಳ ಹೆಸರೇ ಮರೆತವರ ಇಚ್ಛೆ ಯಾವುದು, ಅಂದು ಹೇಳಿದ್ದೋ ಇಂದು ಹಟ ಹಿಡಿದದ್ದೋ? ಇದಕ್ಕೆ ಸಿದ್ಧ ಉತ್ತರವಿಲ್ಲ. ಆದರೆ ಬುದ್ಧಿ ಹೋಗುವುದೆಂದರೆ ದೀಪ ಆರಿದಂತೆ ಒಮ್ಮೆಗೇ ಹೋಗುವುದಲ್ಲ. ಬ್ಯಾಂಕಿನ ಲೆಕ್ಕ ತಿಳಿಯದವರಿಗೂ ಇವತ್ತು ಮುದ್ದೆ ಬೇಕೋ ಅನ್ನ ಬೇಕೋ, ಯಾವ ಸೀರೆ ಉಡಬೇಕು, ಯಾರು ಸ್ನಾನ ಮಾಡಿಸಿದರೆ ಸಂಕೋಚವಿಲ್ಲ ಎಂಬುದು ಗೊತ್ತಿರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಒಂದು ಸೊಗಸಾದ ಮಾತು ಹೇಳುತ್ತದೆ: ಒಬ್ಬರ ನಿರ್ಧಾರ ಬೇರೆಯವರಿಗೆ ತಪ್ಪಾಗಿ ಕಂಡಿತೆಂಬ ಮಾತ್ರಕ್ಕೇ ಅವರಿಗೆ ನಿರ್ಧರಿಸುವ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ. ಮುಂದುವರಿದ ಮರೆವಿನ ಕಾಯಿಲೆಯಲ್ಲಿ ಮೂಗಿಗೆ, ಹೊಟ್ಟೆಗೆ ಕೊಳವೆ ಹಾಕಿ ಉಣಿಸುವುದರಿಂದ ಆಯುಷ್ಯ ಹೆಚ್ಚುವುದಿಲ್ಲವೆಂಬುದು ಈಗ ವೈದ್ಯಲೋಕ ಒಪ್ಪಿದ ಸಂಗತಿ. ಬದಲಾಗಿ ನಿಧಾನವಾಗಿ ಕೈಯಿಂದ ಉಣಿಸಿ ಎನ್ನುತ್ತಾರೆ. ಅದಕ್ಕೆ ಕನ್ನಡದಲ್ಲಿ ಕೈತುತ್ತು ಎಂಬ ಹೆಸರು ಮೊದಲಿನಿಂದಲೂ ಇದೆ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಹೇಳಲೇಬೇಕು. ಮಗನ ಹೆಸರಿಗೆ ಜನರಲ್ ಪವರ್ ಆಫ್ ಅಟಾರ್ನಿ ಕೊಟ್ಟರೆ ಎಲ್ಲವೂ ಆಯಿತೆಂದು ಅನೇಕರು ನಂಬಿದ್ದಾರೆ. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಭಾರತೀಯ ಕರಾರು ಕಾಯ್ದೆಯಂತೆ ಆ ಅಧಿಕಾರ ಅಲ್ಲಿಗೇ ಕೊನೆ. ಅಂದರೆ ಯಾವಾಗ ಬೇಕೋ ಆಗಲೇ ಅದು ಕೈಕೊಡುತ್ತದೆ. ಮುಂಗಡ ನಿರ್ದೇಶನ ಹಾಗಲ್ಲ, ಅದು ಆಗಲೇ ಕೆಲಸ ಆರಂಭಿಸುತ್ತದೆ. ಬರೆದವರು ಬೇಕೆನಿಸಿದಾಗ ಅದನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಬಹುದು, ತಿದ್ದಬಹುದು. ಒಗಟಿನಂಥ ವಾಕ್ಯಗಳಿದ್ದರೆ ವೈದ್ಯ ಮಂಡಳಿ ಅದನ್ನು ಬದಿಗಿಡುವ ಸಂಭವವಿದೆ. ಉಸಿರಾಟದ ಯಂತ್ರ, ಡಯಾಲಿಸಿಸ್, ಕೊಳವೆಯ ಆಹಾರ ಎಂದು ಬೇಕಾದದ್ದನ್ನೂ ಬೇಡವಾದದ್ದನ್ನೂ ಹೆಸರು ಹಿಡಿದೇ ಬರೆಯುವುದು ಮೇಲು. ಹೆಸರಿಸಿದ ಬಂಧುವನ್ನು ಮೊದಲೇ ಕೂರಿಸಿ ಓದಿ ಹೇಳಬೇಕು, ಕುಟುಂಬದ ವೈದ್ಯರಿಗೂ ಒಂದು ಪ್ರತಿ ಕೊಡಬೇಕು. ಮೂಲ ಕಾಗದವನ್ನು ಬ್ಯಾಂಕಿನ ಲಾಕರಿನಲ್ಲಿ ಇಟ್ಟರೆ ಪ್ರಯೋಜನವಿಲ್ಲ. ಆಂಬುಲೆನ್ಸ್ ಬರುವುದು ಹೆಚ್ಚಾಗಿ ರಾತ್ರಿ ಹೊತ್ತಿನಲ್ಲಿ.